ಮಂಡಕ್ಕಿ ಭಟ್ಟಿಯಿಂದ ಮಾರಿಕಣಿವೆಗೆ: ಸಾಂದ್ರತೆ, ಒತ್ತಡ ಅಳೆಯುತ್ತ ಹೋದ ದಾರಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಬೆಳಿಗ್ಗೆ ಬೇಗನೆ ಹೋಗಬೇಕು. ಬಿಸಿಲೇರಿದ ಮೇಲೆ ಆ ಒಲೆಗಳ ಮುಂದೆ ಮಕ್ಕಳನ್ನು ನಿಲ್ಲಿಸುವುದು ಕಷ್ಟ. ಒಂಬತ್ತು, ಹತ್ತನೇ ತರಗತಿಯವರ ಜೊತೆ ಹೊರಟ ಈ ಪ್ರವಾಸದ ದಾರಿ ಸರಳ: ದಾವಣಗೆರೆಯಿಂದ ಸುಮಾರು 60 ಕಿ.ಮೀ. ಚಿತ್ರದುರ್ಗ, ಅಲ್ಲಿಂದ 40 ಕಿ.ಮೀ. ಹಿರಿಯೂರು, ಮುಂದೆ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ಮಾರಿಕಣಿವೆ ಅಣೆಕಟ್ಟು. ಚೀಲದಲ್ಲಿ ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತಕ್ಕಡಿ, ಒಂದು ಲೀಟರಿನ ಅಳತೆ ಜಾರು, ಎರಡು ಕೆ.ಜಿ. ರಾಗಿ, ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಥರ್ಮಾಮೀಟರ್, ಒತ್ತಡದ ಸೆನ್ಸರ್ ಇರುವ ಒಂದು ಮೊಬೈಲು. ಜೊತೆಗೆ ಒಂದು ಸ್ಕೇಲು, ಬಕೆಟ್, ಕೊನೆಯ ಪ್ರಯೋಗಕ್ಕೆ ತೂತು ಕೊರೆದ ಪಿವಿಸಿ ಪೈಪು. ಇಷ್ಟೇ ಸಾಕು.

ಭಟ್ಟಿಯಲ್ಲಿ ನೋಡಬೇಕಾದ್ದು ಎರಡು ಮೂರು ಸೆಕೆಂಡಿನ ಕೆಲಸ. ಕುಸುಬಲಕ್ಕಿಗೆ (ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ) ಉಪ್ಪುನೀರು ಹಿಡಿಸಿ, ಹದವಾಗಿ ಬಿಸಿಮಾಡಿ ಇಟ್ಟುಕೊಂಡಿರುತ್ತಾರೆ. ಅದನ್ನು ಕಾದ ಮರಳಿಗೆ ಸುರಿದ ಕೂಡಲೇ ಕಾಳು ಮೊದಲು ಸುಮ್ಮನಿರುತ್ತದೆ, ಆಮೇಲೆ ಒಟ್ಟಿಗೆ ಅರಳಿ ಮರಳಿನ ಮೇಲೆದ್ದು ಬರುತ್ತದೆ. ತಕ್ಷಣ ಜರಡಿಗೆ ಹೋಗಬೇಕು, ತಡವಾದರೆ ಸೀಯುತ್ತದೆ. ಮರಳಿನ ಬಿಸಿ 200 ಡಿಗ್ರಿ ದಾಟಿರುತ್ತದೆ. ಕಾಳಿನೊಳಗಿನ ನೀರು ಕುದಿಯುವ ಬಿಸಿ ದಾಟಿದರೂ ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿಸುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಪಿಷ್ಟ ಮೆತ್ತಗಾಗುತ್ತದೆ. ಗಟ್ಟಿ ಗೋಡೆ ಸಡಿಲಾದ ಕ್ಷಣ ನೀರು ಆವಿಯಾಗಿ ಹಿಗ್ಗುತ್ತದೆ, ಆವಿ ಹೊರಬಿದ್ದ ಮೇಲೆ ಪಿಷ್ಟ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಕು ಎಂಬ ಪಾಠದ ಸಾಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಒಂದು ಕಾಳಿನ ತೂಕ 20 ಮಿಲಿಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿರುವ ನೀರು 2 ಮಿಲಿಗ್ರಾಂ. ಅದಕ್ಕೂ ಮೂರು ಮಿಲಿಲೀಟರ್ ಮೀರಿದ ಆವಿ ಹುಟ್ಟುತ್ತದೆ.

ಕೆಡುವುದು ತೇವದಲ್ಲಿ. ಹೆಚ್ಚು ಒಣಗಿದ ಅಕ್ಕಿಯಲ್ಲಿ ಆವಿ ಸಾಲದು, ಕಾಳು ಕೆಂಪಗಾಗಿ ಉಳಿಯುತ್ತದೆ. ತೇವ ಹೆಚ್ಚಾದರೆ ಬಿಸಿಯೆಲ್ಲ ನೀರನ್ನು ಆರಿಸುವುದಕ್ಕೇ ಖರ್ಚಾಗಿ, ಗೋಡೆ ಬೇಗ ಮೆತ್ತಗಾಗಿ ಒತ್ತಡ ಕಟ್ಟುವ ಮುಂಚೆಯೇ ಆವಿ ಸೋರಿಹೋಗುತ್ತದೆ. ಕುಸುಬಲಲ್ಲದ ಅಕ್ಕಿ ಇಷ್ಟು ಅರಳುವುದಿಲ್ಲ. ಬೇಯಿಸಿದಾಗ ಪಿಷ್ಟ ಒಂದಕ್ಕೊಂದು ಹತ್ತಿ ಬಿರುಕುಗಳು ಮುಚ್ಚಿಕೊಂಡಿದ್ದರೆ ಮಾತ್ರ ಕಾಳು ಆವಿಯನ್ನು ಹಿಡಿದಿಡಬಲ್ಲದು.

ಸಾಂದ್ರತೆ ಅಳೆಯುವುದು ಇಲ್ಲಿಯೇ. ಲೀಟರ್ ಜಾರಿನಲ್ಲಿ ಅಕ್ಕಿ 800 ಗ್ರಾಂ ಆಸುಪಾಸು ತೂಗಿದರೆ ಮಂಡಕ್ಕಿ 100 ಗ್ರಾಂ ಸುತ್ತಮುತ್ತ. ಆದರೆ ಈ ಲೆಕ್ಕದಲ್ಲಿ ಕಾಳುಗಳ ನಡುವಿನ ಗಾಳಿಯೂ ಸೇರಿದೆ. ಮಂಡಕ್ಕಿಯದೇ ಗಾತ್ರ ಬೇಕೆಂದರೆ ನೀರಿಗೆ ಹಾಕುವಂತಿಲ್ಲ, ಹೀರಿಕೊಂಡು ಮುದ್ದೆಯಾಗುತ್ತದೆ. ಅದಕ್ಕೇ ರಾಗಿ ತಂದದ್ದು. ಜಾರಿನ ತುಂಬ ರಾಗಿ ಸುರಿದು, ಹತ್ತು ಸಲ ಮೆಲ್ಲಗೆ ತಟ್ಟಿ, ಸ್ಕೇಲಿನಿಂದ ಮೇಲ್ಭಾಗ ಸವರಿ, ರಾಗಿಯನ್ನು ಬೇರೆ ಪಾತ್ರೆಗೆ ತೆಗೆಯಿರಿ. 20 ಗ್ರಾಂ ಮಂಡಕ್ಕಿಯನ್ನು ಅದೇ ಜಾರಿಗೆ ರಾಗಿಯ ಜೊತೆ ಪದರ ಪದರವಾಗಿ ಹಾಕಿ, ಅಷ್ಟೇ ಸಲ ತಟ್ಟಿ ಸವರಿ. ಜಾರಿನಲ್ಲಿ ಹಿಡಿಸದೆ ಉಳಿದ ರಾಗಿಯ ಗಾತ್ರವೇ ಮಂಡಕ್ಕಿಯ ಗಾತ್ರ. ತಟ್ಟುವ ಲೆಕ್ಕ ಎರಡು ಸಲವೂ ಒಂದೇ ಇರದಿದ್ದರೆ ಉತ್ತರ ದಾರಿ ತಪ್ಪುತ್ತದೆ. ಒತ್ತಿ ತುಂಬಿದರೆ ಮಂಡಕ್ಕಿ ಮುರಿಯುತ್ತದೆ.

ಆಮೇಲೆ ಬೆಣ್ಣೆ ದೋಸೆ. ಕಾವಲಿ ಮೇಲೆ ಬೆಣ್ಣೆ ಚುರುಗುಟ್ಟುವುದು ಅದರೊಳಗಿನ ನೀರು ಕುದಿಯುವ ಸದ್ದು. ಸದ್ದು ನಿಂತ ಮೇಲೆ ಬಿಸಿ ಜೋರಾಗಿ ಏರಿ ಅಂಚು ಗರಿಗರಿಯಾಗುತ್ತದೆ. ಇಷ್ಟು ಹೇಳಿ ತಿನ್ನಲು ಬಿಡುವುದು ಒಳ್ಳೆಯದು.

ಚಿತ್ರದುರ್ಗದಲ್ಲಿ ಕೋಟೆಗಿಂತ ಮೊದಲು ಜೋಗಿಮಟ್ಟಿ ಬೆಟ್ಟ. ಊರು ಸಮುದ್ರಮಟ್ಟದಿಂದ ಸುಮಾರು 2400 ಅಡಿ, ಜೋಗಿಮಟ್ಟಿ ಸುಮಾರು 3800 ಅಡಿ. ನಡುವಿನ 1400 ಅಡಿ, ಅಂದರೆ 430 ಮೀಟರ್ ಆಸುಪಾಸು, ಗಾಳಿಯ ಒತ್ತಡವನ್ನು ನೂರಕ್ಕೆ ಐದರಷ್ಟು ಇಳಿಸುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿ ಮೋಸಹೋಗಬಾರದು. ಅದು ಒತ್ತಡವನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸಿ 1010 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಸುತ್ತ ತೋರಿಸುತ್ತದೆ. ಸೆನ್ಸರಿನ ನೇರ ಓದಿಕೆ ತೋರಿಸುವ ಆ್ಯಪ್ ಬೇಕು. ಊರಲ್ಲಿ ಅದು 930 ಹೆಕ್ಟೋಪಾಸ್ಕಲ್ ಹತ್ತಿರ, ಬೆಟ್ಟದ ಮೇಲೆ 880ರ ಚಿಲ್ಲರೆ. ಹತ್ತುವಾಗ ಸುಮಾರು 9 ಮೀಟರಿಗೊಮ್ಮೆ ಅಂಕಿ ಒಂದೊಂದೇ ಇಳಿಯುವುದನ್ನು ಮಕ್ಕಳು ಜೋರಾಗಿ ಓದಿ ಹೇಳುತ್ತ ಹೋಗಬಹುದು.

ಖಾಲಿ ಬಾಟಲಿಯ ಮುಚ್ಚಳವನ್ನು ಮೇಲೆ ಬಿಗಿದು ಕೆಳಗೆ ತಂದರೆ ಪಕ್ಕೆ ಒಳಗೆ ಹೋಗಿರುತ್ತದೆ. ಅದನ್ನು ಬಕೆಟ್ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿ ಮುಚ್ಚಳ ತೆಗೆದರೆ ನೀರು ಒಳನುಗ್ಗುತ್ತದೆ. ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಒಂದೇ ಆಗುವಂತೆ ಬಾಟಲಿ ಹಿಡಿದು ಮುಚ್ಚಬೇಕು. ಪಕ್ಕೆ ಪೂರ್ತಿ ಹೊರಗೆ ಬಂದಿದ್ದರೆ ಸುಮಾರು 50 ಮಿ.ಲೀ. ನೀರು ಸಿಗಬೇಕು. ಬಹಳ ಸಲ ಸಿಗುವುದಿಲ್ಲ, ಕಾರಣ ಬಿಸಿಲು. ಬಾಟಲಿಯೊಳಗಿನ ಗಾಳಿ 15 ಡಿಗ್ರಿ ಹೆಚ್ಚು ಬಿಸಿಯಾದರೂ ಸಾಕು, ಅದು ನೂರಕ್ಕೆ ಐದರಷ್ಟು ಹಿಗ್ಗಿ ಇಳಿತದ ಪರಿಣಾಮವನ್ನು ಪೂರ್ತಿ ನುಂಗಿಬಿಡುತ್ತದೆ. ಬೆಟ್ಟದ ಮೇಲೆ ಮುಚ್ಚುವ ಮುಂಚೆ ಬಾಟಲಿಯನ್ನು ನೆರಳಿನಲ್ಲಿಟ್ಟು ಉಷ್ಣತೆ ಬರೆದುಕೊಳ್ಳಬೇಕು, ಕೆಳಗೆ ಒದ್ದೆ ಬಟ್ಟೆ ಸುತ್ತಿ ಅದೇ ಉಷ್ಣತೆಗೆ ತಂದು ತೆರೆಯಬೇಕು.

ಕೋಟೆಯೊಳಗೆ ಹೊಂಡಗಳ ಸಾಲಿಗೆ ಸಮಯ ಕೊಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಇಳಿಯುತ್ತದೆ. ತಳದಲ್ಲಿ ಕೊಳವೆಯಿಂದ ಜೋಡಿಸಿದ್ದರೆ ಎಲ್ಲ ಹೊಂಡಗಳ ಮಟ್ಟ ಒಂದೇ ಆಗಲು ಹೊರಟು ಮೇಲಿನವು ಬರಿದಾಗುತ್ತಿದ್ದವು. ತುಂಬಿ ಹರಿದಾಗ ಮಾತ್ರ ಕೆಳಕ್ಕೆ ಕೊಡುವ ಏರ್ಪಾಡಾದ್ದರಿಂದ ಬೆಟ್ಟದ ಮೇಲಿನ ನೀರು ಬೆಟ್ಟದ ಮೇಲೇ ಉಳಿಯಿತು. ಕಟ್ಟಿದವರ ಜಾಣ್ಮೆಗೆ ತಲೆಬಾಗಬೇಕು.

ಹಿರಿಯೂರಿನ ಕಡೆಗೆ ಹೋಗುವಾಗ ತೋಟಗಳಲ್ಲಿ ಕಾಣುವ ಬೋರುಗಳೂ ಪಾಠವೇ. ಮೇಲಿಂದ ಎಳೆಯುವ ಪಂಪಿನಲ್ಲಿ ನೀರನ್ನು ಏರಿಸುವುದು ಹೊರಗಿನ ಗಾಳಿ. ಈ ಎತ್ತರದಲ್ಲಿ ಅದರ ಶಕ್ತಿ ಒಂಬತ್ತೂವರೆ ಮೀಟರಿಗೆ ಮುಗಿಯುತ್ತದೆ, ಸೋರಿಕೆ ಮತ್ತು ಪೈಪಿನ ತಡೆ ಕಳೆದರೆ ಏಳು ಮೀಟರ್ ಸಿಕ್ಕರೆ ಹೆಚ್ಚು. ಹಾಗಾಗಿ 600 ಅಡಿ ಬೋರಿಗೆ ಮೋಟರನ್ನೇ ಕೆಳಗಿಳಿಸಿ ತಳ್ಳಿಸಬೇಕು. ರೈತರು ಆರು ಕೆ.ಜಿ. ಪೈಪು, ಹತ್ತು ಕೆ.ಜಿ. ಪೈಪು ಎನ್ನುವುದು ಪೈಪಿನ ತೂಕವಲ್ಲ, ಒಂದು ಚದರ ಸೆಂಟಿಮೀಟರಿಗೆ ತಡೆಯುವ ಒತ್ತಡ. ಹತ್ತು ಮೀಟರ್ ನೀರು ನಿಂತರೆ ತಳದಲ್ಲಿ ಒಂದು ಕೆ.ಜಿ. 600 ಅಡಿಯಿಂದ ನೀರೆತ್ತುವಾಗ ಮೋಟರಿನ ಬಾಯಲ್ಲಿ ಹದಿನೆಂಟು ಕೆ.ಜಿ. ದಾಟುತ್ತದೆ. ಅಲ್ಲಿಗೆ ಹತ್ತು ಕೆ.ಜಿ. ಪೈಪು ಇಳಿಸಿದರೆ ಒಡೆಯುವುದು ಕೆಳತುದಿಯಲ್ಲೇ.

ಇದೇ ಲೆಕ್ಕ ಹಿಡಿದು ಮಾರಿಕಣಿವೆಗೆ ಬರಬೇಕು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಲ್ಲು-ಗಾರೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ ಇದು. ಗರಿಷ್ಠ ಮಟ್ಟ 130 ಅಡಿ, ಸಾಮರ್ಥ್ಯ 30.42 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ತುಂಬಿದಾಗಿನ ನೀರಿನ ತೂಕ 86 ಕೋಟಿ ಟನ್ ಆಸುಪಾಸು. ಇಷ್ಟೂ ಭಾರವನ್ನು ಗೋಡೆ ಹೊತ್ತಿದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅದನ್ನು ಹೊತ್ತಿರುವುದು ಕೆರೆಯ ತಳ. ಗೋಡೆಗೆ ಲೆಕ್ಕ ಆಳದ್ದು ಮಾತ್ರ. 130 ಅಡಿ ಎಂದರೆ 39.6 ಮೀಟರ್, ತಳದಲ್ಲಿ ಚದರ ಸೆಂಟಿಮೀಟರಿಗೆ ನಾಲ್ಕು ಕೆ.ಜಿ. ಹಿನ್ನೀರು ಹತ್ತಾರು ಕಿ.ಮೀ. ಇದ್ದರೂ, ಗೋಡೆಯ ಹಿಂದೆ ಒಂದೇ ಗಜ ಅಗಲದ ನೀರು ನಿಂತಿದ್ದರೂ ಇದು ಬದಲಾಗದು.

ಒಂದು ಮೀಟರ್ ಅಗಲದ ಗೋಡೆಪಟ್ಟಿಯ ಮೇಲೆ ಒಟ್ಟು ನೂಕು ಸುಮಾರು 780 ಟನ್. ಅದು ತಳದಿಂದ ಮೂರರಲ್ಲೊಂದು ಎತ್ತರದಲ್ಲಿ, 13 ಮೀಟರ್ ಮೇಲೆ ಬಿದ್ದಂತೆ ಲೆಕ್ಕ. ಮಟ್ಟ ಅರ್ಧಕ್ಕಿಳಿದರೆ ನೂಕು ಕಾಲುಭಾಗವಾಗುತ್ತದೆ, ಗೋಡೆಯನ್ನು ಉರುಳಿಸುವ ಬಲ ಎಂಟರಲ್ಲೊಂದು. ಬುಡ ಇಷ್ಟು ದಪ್ಪ, ನೆತ್ತಿ ಇಷ್ಟು ತೆಳು ಇರುವುದು ಇದಕ್ಕೇ. ತಳದ ಬಂಡೆಯ ಸೀಳುಗಳಲ್ಲಿ ನುಸುಳುವ ನೀರು ಗೋಡೆಯನ್ನು ಮೇಲಕ್ಕೂ ಎತ್ತಲು ನೋಡುತ್ತದೆ, ಹಾಗಾಗಿ ಕಲ್ಲಿನ ತೂಕ ಇನ್ನಷ್ಟು ಬೇಕು.

ಕಟ್ಟೆಯ ಕೆಳಗೆ, ಮೆಟ್ಟಿಲಿನ ಪಕ್ಕ ಕೊನೆಯ ಪ್ರಯೋಗ. ಕೆಳಗೆ ಬಿರಡೆ ಹಾಕಿದ ನಾಲ್ಕಿಂಚು ಪಿವಿಸಿ ಪೈಪಿನಲ್ಲಿ 30 ಸೆಂ.ಮೀ. ನೀರು, ನೀರಿನ ಮಟ್ಟದಿಂದ 5, 15, 25 ಸೆಂ.ಮೀ. ಕೆಳಗೆ 4 ಮಿ.ಮೀ. ತೂತುಗಳು. ಮೇಲಿಂದ ಸುರಿಯುತ್ತ ಮಟ್ಟ ಇಳಿಯದಂತೆ ನೋಡಿಕೊಳ್ಳಬೇಕು. ಪೈಪನ್ನು ನೆಲದ ಮೇಲಿಟ್ಟರೆ ನಡುವಿನ ಧಾರೆಯೇ ಎಲ್ಲಕ್ಕಿಂತ ದೂರ, 30 ಸೆಂ.ಮೀ. ಹತ್ತಿರ, ಮೇಲಿನದೂ ಕೆಳಗಿನದೂ 22 ಸೆಂ.ಮೀ. ಆಸುಪಾಸಿನಲ್ಲಿ ಒಂದೇ ಕಡೆ ಬೀಳುತ್ತವೆ. ಕೆಳಗಿನ ಧಾರೆಗೆ ವೇಗ ಹೆಚ್ಚಿದ್ದರೂ ಬೀಳಲು ಐದೇ ಸೆಂ.ಮೀ. ಎತ್ತರವಿದೆ, ದೂರ ಹೋಗುವ ಮುಂಚೆಯೇ ನೆಲ ಮುಟ್ಟುತ್ತದೆ. ಅದೇ ಪೈಪನ್ನು 60 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲಿಟ್ಟರೆ ಲೆಕ್ಕದಲ್ಲಿ ಮೇಲಿನದು 41, ನಡುವಿನದು 67, ಕೆಳಗಿನದು 81 ಸೆಂ.ಮೀ. ತೂತಿನ ಅಂಚು ಒರಟಾಗಿದ್ದರೆ ಇದಕ್ಕಿಂತ ಒಂದಿಷ್ಟು ಕಡಿಮೆ ಬರುತ್ತದೆ.