ಗಲ್ಫ್ ಸ್ಟ್ರೀಮಿನ ಅಂಚಿಗೆ ಚಿಕ್ಕಪ್ಪನ ಜೊತೆ

ಫ್ಲೋರಿಡಾ ಕೀಸ್ ದ್ವೀಪಸಾಲಿನ ಇಸ್ಲಮೊರಾಡಾಕ್ಕೆ ಮಯಾಮಿಯಿಂದ ಕಾರಿನಲ್ಲಿ ಎರಡು ತಾಸಿನ ಆಸುಪಾಸು. ಕೀಸ್‌ನ ಉದ್ದಕ್ಕೂ ದಾರಿ ಒಂದೇ, ಯು.ಎಸ್. 1 ಹೆದ್ದಾರಿ. ಒಂದು ಬದಿಗೆ ಅಟ್ಲಾಂಟಿಕ್, ಇನ್ನೊಂದು ಬದಿಗೆ ಫ್ಲೋರಿಡಾ ಕೊಲ್ಲಿಯ ಮೊಣಕಾಲುದ್ದದ ತಿಳಿಹಸಿರು ನೀರು. ಇಲ್ಲಿ ವಿಳಾಸ ಕೇಳಿದರೆ ಮೈಲಿಗಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆ. ಸೊನ್ನೆ ಕೀ ವೆಸ್ಟ್‌ನಲ್ಲಿ, ಇಸ್ಲಮೊರಾಡಾ ಎಂಬತ್ತರ ಆಚೀಚೆ.

ಜಗತ್ತಿನ ಎಲ್ಲೆಲ್ಲಿಂದಲೋ ದೊಡ್ಡ ಮೀನಿನ ಬೆನ್ನು ಹತ್ತಿದವರು ಈ ಪುಟ್ಟ ಊರಿಗೇ ಬರುವುದಕ್ಕೆ ಕಾರಣ ಸಮುದ್ರದ ತಳದಲ್ಲಿದೆ. ದಡದಿಂದ ಏಳೆಂಟು ಕಿಲೋಮೀಟರ್ ಹೋದರೆ ಹವಳದ ದಿಬ್ಬ ಮುಗಿಯುತ್ತದೆ. ಅಲ್ಲಿಂದ ತಳ ಇಳಿಯುತ್ತ ಹೋಗುತ್ತದೆ, ಆ ಇಳಿಜಾರಿನ ಮಗ್ಗುಲಲ್ಲೇ ಗಲ್ಫ್ ಸ್ಟ್ರೀಮ್ ಹರಿಯುತ್ತದೆ. ಫ್ಲೋರಿಡಾ ಮತ್ತು ಕ್ಯೂಬಾ, ಬಹಾಮಾಸ್ ನಡುವಿನ ಇಕ್ಕಟ್ಟಿನಲ್ಲಿ ಈ ಪ್ರವಾಹ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ಬೆಚ್ಚನೆಯ ನೀರನ್ನು ಸಾಗಿಸುತ್ತದೆ. ಆಳಸಮುದ್ರದ ಮೀನು ಆ ನೀರಿನೊಂದಿಗೆ ಬರುತ್ತದೆ, ಹವಳದ ದಿಬ್ಬದ ಸಣ್ಣ ಮೀನು ಅದಕ್ಕೆ ಆಹಾರವಾಗಿ ಕಾದಿರುತ್ತದೆ. ಬೇರೆಡೆ ಇಡೀ ದಿನ ಓಡಿ ತಲುಪಬೇಕಾದ ನೀರು ಇಲ್ಲಿ ಬೆಳಗಿನ ತಿಂಡಿ ಅರಗುವುದರೊಳಗೆ ಸಿಗುತ್ತದೆ.

ನಾವು ಹೊರಟಿದ್ದು ಚಿಕ್ಕಪ್ಪನಿಗಾಗಿ. ಕುಂದಾಪುರದ ಬಳಿಯ ಗಂಗೊಳ್ಳಿಯವರು, ಮೀನಿನ ಗುಂಪನ್ನು ಸುತ್ತುಬಲೆ ಹಾಕಿ ಹಿಡಿಯುವ ಪರ್ಸೀನ್ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ಆಯುಷ್ಯ ಕಳೆದವರು. ಡಿಸೆಂಬರಿನಲ್ಲಿ ಮಗನ ಮನೆಗೆಂದು ಟ್ಯಾಂಪಾಕ್ಕೆ ಬಂದಿದ್ದರು. ಒರ್ಲ್ಯಾಂಡೊ ತೋರಿಸಿದೆವು, ಬಾಹ್ಯಾಕಾಶ ಕೇಂದ್ರ ತೋರಿಸಿದೆವು. ಎಲ್ಲಕ್ಕೂ ತಲೆಯಾಡಿಸಿದರು, ಮಾತು ಹೊರಡಲಿಲ್ಲ. ಸಮುದ್ರಕ್ಕೆ ಹೋಗೋಣವಾ ಎಂದು ಕೇಳಿದಾಗ ಮುಖ ಅರಳಿತು. ಚಾರ್ಟರ್ ಬೋಟ್ ಎಂದರೇನು ಎಂದು ವಿವರಿಸಿದಾಗ ಮಾತ್ರ ನಂಬಲಾಗದೆ ಕೇಳಿದರು: "ಮೀನ್ ಹಿಡುಕೆ ನಾವೇ ದುಡ್ಡ್ ಕೊಡೂದಾ ಮಾರಾಯ?"

ಹೌದು, ನಾವೇ ಕೊಡಬೇಕು. ಕ್ಯಾಪ್ಟನ್ ಒಬ್ಬ, ಅವನ ಕೈಯಾಳು ಒಬ್ಬ, ಅತಿಥಿಗಳು ಹೆಚ್ಚೆಂದರೆ ಆರು ಮಂದಿ. ಇಂಥ ಬೋಟುಗಳ ಸಾಮಾನ್ಯ ಪರವಾನಗಿಯ ಮಿತಿ ಅದು. ಮೀನು ಹಿಡಿಯುವ ಲೈಸೆನ್ಸ್ ನಾವು ಬೇರೆ ಮಾಡಿಸಬೇಕಿಲ್ಲ, ಬೋಟಿನದೇ ನಮಗೂ ಸಲ್ಲುತ್ತದೆ. ಇಡೀ ದಿನದ ಬಾಡಿಗೆ ಸಾವಿರ ಡಾಲರ್ ದಾಟುತ್ತದೆ. ಕೈಯಾಳಿಗೆ ಶೇಕಡಾ 15ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ, ಅವನ ಸಂಪಾದನೆಯ ದೊಡ್ಡ ಪಾಲು ಅದೇ. ಇಬ್ಬರು ಮೂವರು ಹೋದರೆ ಬಹಳ ತುಟ್ಟಿ. ನಾವು ಎರಡು ಸಂಸಾರ ಸೇರಿ ಹಂಚಿಕೊಂಡೆವು.

ಹಿಂದಿನ ಸಂಜೆ ಊರಿನ ನಡುವೆ, 81.8ನೇ ಮೈಲಿಯ ಹತ್ತಿರ ಇರುವ ಸ್ಮಾರಕಕ್ಕೆ ಹೋದೆವು. 1935ರ ಸೆಪ್ಟೆಂಬರ್ 2ರ ಚಂಡಮಾರುತ ಇಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೆದ್ದಾರಿಯ ಕೆಲಸಕ್ಕೆ ಬಂದು ಶಿಬಿರಗಳಲ್ಲಿ ತಂಗಿದ್ದ ಮೊದಲ ಮಹಾಯುದ್ಧದ ಮಾಜಿ ಸೈನಿಕರು ಅವರಲ್ಲಿ ಬಹಳ. ಅವರನ್ನು ಕರೆದೊಯ್ಯಲು ಬಂದ ರೈಲಿನ ಡಬ್ಬಿಗಳನ್ನೇ ನೀರು ಹಳಿಯಿಂದ ಎತ್ತಿ ಹಾಕಿತು. ಹೆನ್ರಿ ಫ್ಲಾಗ್ಲರ್ 1912ರಲ್ಲಿ ಕೀ ವೆಸ್ಟ್ ಮುಟ್ಟಿಸಿದ್ದ ರೈಲುದಾರಿ ಅಲ್ಲಿಗೆ ಮುಗಿಯಿತು, ಅದರ ಸೇತುವೆಗಳ ಮೇಲೆ ಮುಂದೆ ರಸ್ತೆ ಬಂತು. ಕಲ್ಲಿನ ಮೇಲೆ ಗಾಳಿಗೆ ಬಾಗಿದ ತೆಂಗಿನ ಮರಗಳನ್ನು ಕೆತ್ತಿದ್ದಾರೆ. ಚಿಕ್ಕಪ್ಪ ಚಪ್ಪಲಿ ಕಳಚಿ, ಕೈಮುಗಿದು ನಿಂತರು. ಕಡಲಿಗೆ ಹೋದವರು ವಾಪಸಾಗದ ಮನೆಗಳನ್ನು ಅವರು ನಮಗಿಂತ ಹೆಚ್ಚು ಕಂಡಿದ್ದಾರೆ.

ಬೆಳಿಗ್ಗೆ ಬೋಟು ನೇರವಾಗಿ ಆಳಕ್ಕೆ ಹೋಗಲಿಲ್ಲ. ದಿಬ್ಬದ ಒಳಗಿನ ಆಳವಿಲ್ಲದ ನೀರಲ್ಲಿ ಲಂಗರು ಬಿತ್ತು. ಕೈಯಾಳು ಅರೆದ ಮೀನಿನ ಚೂರು, ಓಟ್ಸ್ ಕಲಸಿದ ಮುದ್ದೆಯನ್ನು ನೀರಿಗೆ ಬಿಡುತ್ತ ಹೋದ. ಸ್ವಲ್ಪ ಹೊತ್ತಿಗೆ ಬೋಟಿನ ಹಿಂದೆ ಬಾಲಿಹೂ ಮೀನುಗಳ ಗುಂಪು ಸೇರಿತು. ಕೆಳದವಡೆ ಕೊಕ್ಕಿನಂತೆ ಮುಂದೆ ಚಾಚಿದ, ಗೇಣುದ್ದದ ಬೆಳ್ಳಿ ಮೀನು. ಕೈಯಾಳು ಬೀಸುಬಲೆ ಎತ್ತಿ, ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದ. ಬಲೆ ದುಂಡಗೆ ಬಿಚ್ಚಿಕೊಂಡು ಬಿತ್ತು. ಭಾಷೆ ಬಾರದ ಚಿಕ್ಕಪ್ಪ ಎದ್ದು ಹೋಗಿ ಅವನ ಬೆನ್ನು ತಟ್ಟಿದರು. ಎರಡನೇ ಸಲ ಅವನೇ ಬಲೆಯನ್ನು ಇವರ ಕೈಗಿಟ್ಟ. ಇವರ ಎಸೆತವೂ ಅಷ್ಟೇ ದುಂಡಗೆ ಬಿತ್ತು. ಆಮೇಲೆ ದಿನವಿಡೀ ಆ ಇಬ್ಬರ ನಡುವೆ ದುಭಾಷಿಯ ಅಗತ್ಯ ಬೀಳಲಿಲ್ಲ.

ದೊಡ್ಡ ಮೀನಿಗೆ ಆಮಿಷವಾಗಿ ಗಾಳಕ್ಕೆ ಸಿಕ್ಕಿಸುವ ಈ ಎರೆಮೀನು ಜೀವಂತ ಇರಬೇಕು. ಅದಕ್ಕೆಂದೇ ಬೋಟಿನಲ್ಲಿ ಸದಾ ಹೊಸ ನೀರು ಹರಿಯುವ ದುಂಡು ತೊಟ್ಟಿ ಇದೆ. ಮೂಲೆ ಇದ್ದರೆ ಮೀನು ಮೂತಿ ತಾಗಿಸಿಕೊಂಡು ಗಾಯವಾಗುತ್ತದೆ, ಹಾಗಾಗಿ ದುಂಡು. ಗಾಯವಾದ ಎರೆ ಚುರುಕಾಗಿ ಈಜುವುದಿಲ್ಲ, ಈಜದ ಎರೆಗೆ ಸೈಲ್‌ಫಿಶ್ ತಿರುಗಿ ನೋಡುವುದಿಲ್ಲ.

ನಮಗೆ ಬೇಕಿದ್ದದ್ದು ಸೈಲ್‌ಫಿಶ್. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ, ಮುಂದೆ ಭರ್ಜಿಯಂಥ ಮೂತಿ. 1975ರಿಂದ ಇದು ಫ್ಲೋರಿಡಾ ರಾಜ್ಯದ ಕಡಲಮೀನು. ನಮ್ಮ ಅರಬ್ಬೀ ಸಮುದ್ರದಲ್ಲೂ ಇರುವುದು ಇದೇ ಜಾತಿ. ಅಟ್ಲಾಂಟಿಕಿನದು ಬೇರೆ ಎಂದು ಹಿಂದೆ ಎಣಿಸುತ್ತಿದ್ದರು, ಈಗ ಎರಡನ್ನೂ ಒಂದೇ ಎನ್ನುತ್ತಾರೆ. ಚಳಿಗಾಲದಲ್ಲಿ ಉತ್ತರದ ತಣ್ಣನೆ ಗಾಳಿ ಬೀಸಿದಂತೆಲ್ಲ ಇವು ಫ್ಲೋರಿಡಾದ ಕರಾವಳಿಗುಂಟ ದಕ್ಷಿಣಕ್ಕೆ ಇಳಿದು ಕೀಸ್‌ಗೆ ಬರುತ್ತವೆ. ಗಂಟೆಗೆ 110 ಕಿಲೋಮೀಟರ್ ವೇಗ ಎಂದು ಎಲ್ಲೆಡೆ ಬರೆದಿರುತ್ತದೆ. ಈಚಿನ ಅಳತೆಗಳಲ್ಲಿ ಸಿಕ್ಕಿದ್ದು ಸೆಕೆಂಡಿಗೆ 8 ಮೀಟರಿನ ಆಸುಪಾಸು, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್. ದಾರದ ಇನ್ನೊಂದು ತುದಿಯಲ್ಲಿ ಅದನ್ನು ಹಿಡಿದು ನಿಂತವರಿಗೆ ಅದೇ ಸಾಕುಸಾಕು.

1873ರಲ್ಲಿ ಕಟ್ಟಿದ ಅಲಿಗೇಟರ್ ರೀಫ್ ದೀಪಸ್ತಂಭ ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. 1822ರಲ್ಲಿ ಆ ದಿಬ್ಬಕ್ಕೆ ಹತ್ತಿ ಸಿಕ್ಕಿಕೊಂಡ ನೌಕಾಪಡೆಯ ಹಡಗಿನ ಹೆಸರು ಅದಕ್ಕೆ ಬಂದಿದೆ. ಅದನ್ನು ದಾಟಿದ ಮೇಲೆ ಕ್ಯಾಪ್ಟನ್ ಎತ್ತರದ ಅಟ್ಟಣಿಗೆ ಏರಿ ಅಲ್ಲಿಂದಲೇ ಬೋಟು ನಡೆಸತೊಡಗಿದ. ಅವನು ಕೂಗಿ ಹೇಳುವ ಮೊದಲೇ ಚಿಕ್ಕಪ್ಪ ನನ್ನ ತೋಳು ಹಿಡಿದು ತೋರಿಸಿದರು: "ನೀರಿನ್ ಬಣ್ಣ ಬದ್ಲ್ ಆಯ್ತ್, ಕಾಣ್."

ಹಸಿರು ನೀರು ಮುಗಿದು ಕಡುನೀಲಿ ಶುರುವಾಗುವ ಗೆರೆ ಅಷ್ಟು ಸ್ಪಷ್ಟವಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಗೆರೆಗುಂಟ ಸರ್ಗಾಸಮ್ ಪಾಚಿಯ ಹಳದಿ ಪಟ್ಟಿ. ಗಾಳಿ ಈಶಾನ್ಯದಿಂದ, ಪ್ರವಾಹ ಅದಕ್ಕೆ ಎದುರು. ಎರಡೂ ತಾಕಿದಲ್ಲಿ ಅಲೆ ಕಡಿದಾಗಿ ಏಳುತ್ತಿತ್ತು. ಸೈಲ್‌ಫಿಶ್ ಅಂಥ ಅಲೆಯ ಇಳಿಜಾರಿನಲ್ಲಿ ಬಾಲ ಮೇಲೆ ಕಾಣಿಸುತ್ತ ಜಾರಿ ಹೋಗುವುದುಂಟು. ಅಟ್ಟಣಿಗೆಯ ಮೇಲಿನ ಕಣ್ಣು ಹುಡುಕುವುದು ಅದನ್ನೇ.

ಆಮೇಲೆ ಗಾಳಿಪಟ ಹಾರಿಸಿದರು. ನಿಜವಾದ ಗಾಳಿಪಟ, ಚೌಕದ್ದು. ಅದರ ಹಗ್ಗಕ್ಕೆ ಅಲ್ಲಲ್ಲಿ ಕ್ಲಿಪ್. ಗಾಳದ ದಾರವನ್ನು ಕ್ಲಿಪ್ಪಿನ ಮೂಲಕ ಹಾಯಿಸಿ, ಬೋಟಿನಿಂದ ದೂರದಲ್ಲಿ, ಎರೆಮೀನು ಸರಿಯಾಗಿ ನೀರಿನ ಮೇಲ್ಮೈಯಲ್ಲಿ ಒದ್ದಾಡುವಂತೆ ತೂಗುಬಿಡುತ್ತಾರೆ. ದಾರ ಮೇಲಿನಿಂದ ಬರುತ್ತದೆ, ನೀರೊಳಗೆ ಇರುವುದೇ ಇಲ್ಲ. ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಗುಂಪು ತಪ್ಪಿದ ಒಂದು ಸಣ್ಣ ಮೀನು ಮಾತ್ರ. ಅಲೆ ಎದ್ದಾಗ ಎರೆ ಮುಳುಗಬಾರದು, ಇಳಿದಾಗ ಗಾಳಿಯಲ್ಲಿ ನೇತಾಡಬಾರದು. ಕೈಯಾಳು ಇಡೀ ಹೊತ್ತು ರೀಲಿನಲ್ಲಿ ದಾರ ಎಳೆಯುತ್ತ, ಬಿಡುತ್ತ ನಿಂತಿದ್ದ. ಇಡೀ ಪ್ರವಾಸದಲ್ಲಿ ನನಗೆ ಅತಿ ಸುಂದರವಾಗಿ ಕಂಡ ಕೆಲಸ ಇದು. ಗಾಳಿ, ಅಲೆ, ಪ್ರವಾಹ ಮೂರನ್ನೂ ಒಬ್ಬ ಮನುಷ್ಯ ಎರಡು ಬೆರಳಲ್ಲಿ ತೂಗುತ್ತಿದ್ದ.

ಹೊತ್ತು ಏರಿದ ಮೇಲೆ ಎರೆಯ ಹಿಂದೆ ನೀರು ಕಂದಾಯಿತು, ಕೂಡಲೇ ನೇರಳೆಗೆ ತಿರುಗಿತು. ಬೇಟೆಗೆ ಎರಗುವ ಮುನ್ನ ಸೈಲ್‌ಫಿಶ್ ಮೈಬಣ್ಣ ಹೊತ್ತಿಕೊಳ್ಳುತ್ತದೆ, ಪಕ್ಕೆಯಲ್ಲಿ ನೀಲಿ ಪಟ್ಟೆ ಮೂಡುತ್ತವೆ. "ಚಿಕ್ಕಪ್ಪ, ನೀವೇ ಹಿಡ್ಕಣಿ" ಎಂದು ಕೋಲನ್ನು ಅವರಿಗೆ ಕೊಟ್ಟೆವು. ಕೈಯಾಳು ಬೆರಳೆತ್ತಿ ತಡೆದ: ಎಳೆಯಬೇಡಿ.

ಇಲ್ಲಿ ಬಳಸುವ ಗಾಳದ ಮೊನೆ ಒಳಮುಖವಾಗಿ, ತನ್ನದೇ ಕಾಂಡದ ಕಡೆಗೆ ಬಾಗಿರುತ್ತದೆ. ವೃತ್ತಗಾಳ ಎನ್ನಬಹುದು. ಮೀನು ಎರೆ ನುಂಗಿದ ಕೂಡಲೇ ಜಗ್ಗಿದರೆ ಗಾಳ ಹಾಗೇ ಹೊರಗೆ ಬರುತ್ತದೆ. ಮೀನು ತಿರುಗಿ ದೂರ ಹೊರಡಲು ಬಿಟ್ಟು, ದಾರ ತಾನಾಗಿ ಬಿಗಿಯಾದಾಗ, ಗಾಳ ಗಂಟಲಲ್ಲಿ ಎಲ್ಲೂ ಸಿಕ್ಕದೆ ಜಾರಿ ಬಂದು ಬಾಯಿಯ ಮೂಲೆಗೆ ಹೊರಳಿ ಕಚ್ಚಿಕೊಳ್ಳುತ್ತದೆ. ಹೊಟ್ಟೆಯೊಳಗೆ ಗಾಯವಾಗುವುದು ಅಪರೂಪ. 2008ರಿಂದ ಅಟ್ಲಾಂಟಿಕ್ ಬಿಲ್‌ಫಿಶ್ (ಸೈಲ್‌ಫಿಶ್, ಮಾರ್ಲಿನ್‌ನಂಥ ಭರ್ಜಿಮೂತಿಯ ಮೀನು) ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆಯ ಜೊತೆ ಈ ಗಾಳವೇ ಕಡ್ಡಾಯ.

ದಾರ ಬಿಗಿಯಾಯಿತು. ನೂರು ಗಜದಾಚೆ ಮೀನು ಪೂರ್ತಿ ನೀರಿನಿಂದ ಮೇಲೆದ್ದಿತು, ಬಾಲದ ಮೇಲೆ ನಡೆದಂತೆ ಅಡ್ಡ ಓಡಿತು, ಬಿತ್ತು, ಮತ್ತೆ ಎದ್ದಿತು. ಚಿಕ್ಕಪ್ಪ ಜೀವನದಲ್ಲಿ ರೀಲ್ ಹಿಡಿದವರಲ್ಲ. ಆದರೆ ಮೀನು ಓಡುವಾಗ ಬಿಡಬೇಕು, ದಣಿದಾಗ ತೆಗೆದುಕೊಳ್ಳಬೇಕು ಎಂಬುದು ಆ ಕೈಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾಪ್ಟನ್ ಬೋಟನ್ನು ಮೀನಿನ ಕಡೆಗೇ ನಡೆಸುತ್ತ ಹೋದ. ಹೊತ್ತು ಹೆಚ್ಚಾದಷ್ಟೂ ಮೀನು ಸೋತು ಬಿಟ್ಟ ಮೇಲೆ ಸಾಯುವ ಅಪಾಯ ಹೆಚ್ಚು, ಬೇಗ ಮುಗಿಸುವುದೇ ಒಳ್ಳೆಯ ಕ್ಯಾಪ್ಟನ್‌ನ ಲಕ್ಷಣ.

ಮೀನು ಪಕ್ಕಕ್ಕೆ ಬಂದಾಗ ಆಳೆತ್ತರಕ್ಕೂ ಉದ್ದವಿತ್ತು. ಕೈಯಾಳು ಗ್ಲೌಸ್ ಹಾಕಿದ ಕೈಯಲ್ಲಿ ಮೂತಿ ಹಿಡಿದ. ನನ್ನ ತಮ್ಮ ಫೋನ್ ತೆಗೆದು, ಮೇಲೆತ್ತಿ ಹಿಡಿದರೆ ಒಂದು ಫೋಟೊ ಎಂದ. ಕ್ಯಾಪ್ಟನ್ ಮೇಲಿನಿಂದಲೇ ಇಲ್ಲ ಎಂದ. ಬಿಡುವ ಮೀನನ್ನು ನೀರಿನಿಂದ ಹೊರಗೆ ತೆಗೆಯಬಾರದು ಎಂಬುದು ಕಾನೂನು. ತನ್ನ ಭಾರಕ್ಕೆ ತಾನೇ ಒಳಗಿನ ಅಂಗಗಳು ಜಜ್ಜುತ್ತವೆ, ಕಿವಿರು ಒಣಗುತ್ತದೆ. ನೀರಲ್ಲೇ ಇಟ್ಟು ಮೇಲಿನಿಂದ ತೆಗೆದ ಚಿತ್ರ ನಮ್ಮಲ್ಲಿದೆ, ನನಗೆ ಅದೇ ಇಷ್ಟ. ಹೆಗಲಿನ ಹತ್ತಿರ ನಂಬರ್ ಇರುವ ಸಣ್ಣ ಟ್ಯಾಗ್ ಚುಚ್ಚಿದರು. ಮುಂದೆ ಯಾರಿಗಾದರೂ ಸಿಕ್ಕಿದರೆ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಬೆಳೆಯಿತು ಎಂದು ತಿಳಿಯಲು.

ಈ ಮೀನು ಉಸಿರಾಡಲು ಮುಂದಕ್ಕೆ ಚಲಿಸುತ್ತಲೇ ಇರಬೇಕು. ಬೋಟು ನಿಧಾನಕ್ಕೆ ಮುಂದೆ ಹೋಯಿತು, ಕೈಯಾಳು ಮೂತಿ ಹಿಡಿದೇ ಇದ್ದ, ಬಾಯಿಂದ ಕಿವಿರಿಗೆ ನೀರು ಹರಿಯಿತು. ಕಂಚಿನ ಬಣ್ಣಕ್ಕೆ ಇಳಿದಿದ್ದ ಮೈಯಲ್ಲಿ ನೀಲಿ ತಿರುಗಿ ಬಂತು. "ಉಸ್ರ್ ಬಂತ್, ಬಿಡ್" ಎಂದರು ಚಿಕ್ಕಪ್ಪ. ಆ ಮಾತು ಅರ್ಥವಾಗದ ಕೈಯಾಳು ಅದೇ ಕ್ಷಣಕ್ಕೆ ಬಿಟ್ಟ.

ಹೋಗುವುದನ್ನು ನೋಡುತ್ತಿದ್ದ ಚಿಕ್ಕಪ್ಪ ನನ್ನ ಕಡೆ ತಿರುಗಿ ಕೇಳಿಯೇಬಿಟ್ಟರು: "ತಿಂಬುಕಲ್ಲ ಅಂದ್ರೆ ಹಿಡೂದ್ ಎಂತಕೆ?"

ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಸೈಲ್‌ಫಿಶ್, ಮಾರ್ಲಿನ್ ಮಾರುವುದನ್ನು 2012ರ ಕಾಯ್ದೆ ಅಮೆರಿಕದ ಮುಖ್ಯಭೂಮಿಯಲ್ಲಿ ನಿಷೇಧಿಸಿದೆ. 63 ಇಂಚು ದಾಟಿದ ಸೈಲ್‌ಫಿಶ್ ಒಂದನ್ನು ಇಟ್ಟುಕೊಳ್ಳಲು ಅನುಮತಿ ಇದ್ದರೂ ಇಲ್ಲಿನ ಬಹುತೇಕ ಕ್ಯಾಪ್ಟನ್‌ಗಳು ಇಡುವುದಿಲ್ಲ. ಮರೀನಾದ ಗೋಡೆಗಳ ಮೇಲೆ ಈಗ ತೂಗುವ ಮೀನು ಫೈಬರ್‌ಗ್ಲಾಸಿನದು. ಈ ಊರಿನ ಜೀವನವೇ ಆ ಮೀನು ಮುಂದಿನ ವರ್ಷವೂ ಬರುವುದರ ಮೇಲೆ ನಿಂತಿದೆ. ಚಿಕ್ಕಪ್ಪ ಕೇಳಿಸಿಕೊಂಡರು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಸುವಂತಿಲ್ಲ, ಅದನ್ನು ಎಲ್ಲರೂ ಪಾಲಿಸಿದ ವರ್ಷ ಬಂಗುಡೆ ಚೆನ್ನಾಗಿ ಬೀಳುತ್ತದೆ ಎಂಬುದು ಅವರ ಅನುಭವ. ಮೀನು ಉಳಿಸುವುದು ಅವರಿಗೆ ಹೊಸದಲ್ಲ. ಆಟಕ್ಕೆಂದು ನೋಯಿಸುವುದು ಹೊಸದು. ಆ ಮೀನಿಗೆ ನೋವಾಗಲಿಲ್ಲ ಎಂದು ನಾನು ಅವರಿಗೆ ಹೇಳಲಾರೆ, ಹೇಳಲೂ ಇಲ್ಲ. ಗಾಳದ ಬಾಗಿನಿಂದ ತೊಟ್ಟಿಯ ಆಕಾರದವರೆಗೆ ಮೀನಿನ ಜೀವದ ಬಗ್ಗೆ ಇಷ್ಟು ಯೋಚನೆ ಇಟ್ಟ ಇನ್ನೊಂದು ಆಟವನ್ನು ನಾನು ಕಂಡಿಲ್ಲ ಎಂದಷ್ಟೇ ಹೇಳಿದೆ. ಅವರ ಪ್ರಶ್ನೆ ಅವರಲ್ಲಿ ಇನ್ನೂ ಇದೆ, ನನ್ನಲ್ಲೂ.

ಮಧ್ಯಾಹ್ನದ ಮೇಲೆ ಕಿಂಗ್ ಮ್ಯಾಕೆರೆಲ್ ಸಿಕ್ಕಿತು. ನಮ್ಮ ಅಂಜಲಿನ ಹತ್ತಿರದ ದಾಯಾದಿ, ಕುಲ ಒಂದೇ. ಬಾಲದ ಕವಲಿನವರೆಗೆ 24 ಇಂಚು ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು. ನಮ್ಮದು ಅದಕ್ಕಿಂತ ಎಷ್ಟೋ ಉದ್ದವಿತ್ತು. ಪಾದರಸ ಹೆಚ್ಚೆಂದು ಗರ್ಭಿಣಿಯರೂ ಮಕ್ಕಳೂ ಈ ಮೀನು ತಿನ್ನಬಾರದೆಂದು ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಹಾಗಾಗಿ ಮಕ್ಕಳಿಗೆಂದು ದಿಬ್ಬದ ಮೇಲೆ ನಿಂತು ಯೆಲ್ಲೋಟೇಲ್ ಸ್ನ್ಯಾಪರ್ ಹಿಡಿದೆವು.

ಧಕ್ಕೆಯಲ್ಲಿ ಮೀನು ಕೊಯ್ಯುವ ಮೇಜಿನ ಸುತ್ತ ಪೆಲಿಕನ್‌ಗಳು, ಕೆಳಗೆ ನೀರಲ್ಲಿ ಟಾರ್ಪನ್ ಎಂಬ ದೊಡ್ಡ ಬೆಳ್ಳಿ ಮೀನುಗಳು ಕಾದಿದ್ದವು. ಕೈಯಾಳು ಮುಳ್ಳು ಬಿಟ್ಟು ಉದ್ದುದ್ದ ಸೀಳಲು ಚಾಕು ಇಟ್ಟಾಗ ಚಿಕ್ಕಪ್ಪ ತಡೆದರು. ಚಾಕು ತೆಗೆದುಕೊಂಡು ಅಡ್ಡಕ್ಕೆ, ಮುಳ್ಳು ಸಮೇತ, ಬೆರಳು ದಪ್ಪದ ದುಂಡು ತುಂಡುಗಳಾಗಿ ಕೊಯ್ದರು. ಪೆಲಿಕನ್‌ಗೆ ಹೋಗಲಿದ್ದ ತಲೆಯನ್ನೂ ಸಾರಿಗೆಂದು ಎತ್ತಿಟ್ಟುಕೊಂಡರು. ಬಾಡಿಗೆ ಮನೆಯಲ್ಲಿ ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ಹಚ್ಚಿ ಕಾಯಿಸಿದ್ದನ್ನು ಒಂದು ಡಬ್ಬಿಯಲ್ಲಿ ಕೈಯಾಳಿಗೆ ಕಳಿಸಿದೆವು.

ಮೇ ತಿಂಗಳಲ್ಲಿ ಇಲ್ಲಿನ ಸೇತುವೆಗಳ ಕೆಳಗೆ ದೊಡ್ಡ ಟಾರ್ಪನ್‌ಗಳ ಓಡಾಟ ಜೋರು. ಅವನ್ನಂತೂ ಬಿಡಲೇಬೇಕು, 40 ಇಂಚು ಮೀರಿದ್ದನ್ನು ನೀರಿನಿಂದ ಎತ್ತುವಂತೆಯೂ ಇಲ್ಲ. ಚಿಕ್ಕಪ್ಪ ಊರಿಗೆ ಹೊರಡುವುದು ಜೂನಿನಲ್ಲಿ. ಮೇ ತಿಂಗಳಿಗೆ ಅದೇ ಬೋಟು ಗೊತ್ತು ಮಾಡಿದ್ದೇವೆ, ಈ ಸಲ ಕೇಳಿದ್ದು ಅವರೇ.