ಕೆಳಕ್ಕಿಳಿಯುವ ಹೊಗೆ

ಇಲ್ಲಿ ಮಿಷಿಗನ್‌ನಲ್ಲಿ ಡ್ರೈ ಐಸ್ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಮನೆಮುಂದೆ ಮಂಜು ಹರಡಿಸಿ ಮಕ್ಕಳನ್ನು ಹೆದರಿಸುವುದು ಇವರ ಸಂಭ್ರಮ. ಮಗಳ ಕಾಟ ತಾಳಲಾರದೆ ನಾನೂ ಎರಡು ಕೆ.ಜಿ. ತಂದೆ, ಥರ್ಮಾಕೋಲ್ ಡಬ್ಬಿಯಲ್ಲಿ, ಕಾರಿನ ಕಿಟಕಿ ಪೂರ್ತಿ ಇಳಿಸಿಕೊಂಡು. ಇದು ಕರಗಿ ನೀರಾಗುವ ಪೈಕಿಯದಲ್ಲ; ಗಟ್ಟಿ ಇಂಗಾಲದ ಡೈಆಕ್ಸೈಡ್ ನೇರವಾಗಿ ಅನಿಲವಾಗುತ್ತದೆ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುವ ಅಪಾಯ.

ನಮಗೆ ಬೆಳಗ್ಗೆ ಹತ್ತು, ಮಂಡ್ಯದಲ್ಲಿ ರಾತ್ರಿ ಏಳೂವರೆ. ಅವ್ವ ವಿಡಿಯೊ ಕಾಲ್‌ನಲ್ಲಿದ್ದಳು. ಮೈನಸ್ 78 ಡಿಗ್ರಿಯ ತುಂಡು, ಬರಿಗೈಲಿ ಮುಟ್ಟಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ದಪ್ಪ ಗ್ಲೌಸ್ ಹಾಕಿ, ಇಕ್ಕಳದಲ್ಲಿ ಎತ್ತಿ ಬಿಸಿನೀರಿನ ಪಾತ್ರೆಗೆ ಬಿಟ್ಟೆ. ಗುಳುಗುಳು ಸದ್ದು. ಬಿಳಿ ಮಂಜು ಅಂಚು ದಾಟಿ, ಮೇಜಿನಿಂದ ಜಾರಿ, ಮಗಳ ಪಾದ ಮುಚ್ಚಿತು.

“ಛತ್ರದಲ್ಲಿ ಗಂಡು-ಹೆಣ್ಣು ಸ್ಟೇಜಿಗೆ ಬರುವಾಗ ಬುಡ್ತಾರಲ್ಲ, ಅದೇ ಅಲ್ವೇನ್ಲಾ?” ಅಂದಳು ಅವ್ವ. ಹೌದು ಅಂದೆ. ಅಷ್ಟಕ್ಕೇ ಬಿಡಲಿಲ್ಲ. “ಆಲೆಮನೆ ಕೊಪ್ಪರಿಗೆ ಆವಿ ಮ್ಯಾಕೋಯ್ತದೆ. ನಿಂದ್ಯಾಕ್ಲಾ ಕೆಳೀಕಿಳೀತದೆ?”

ಇಂಜಿನಿಯರ್ ಮಗ ಒಂದು ಗಳಿಗೆ ತಡವರಿಸಿದ. ಕಣ್ಣಿಗೆ ಕಾಣುವುದು ಆ ಅನಿಲವಲ್ಲ, ಅದಕ್ಕೆ ಬಣ್ಣವೇ ಇಲ್ಲ. ಥಂಡಿಗೆ ನೀರಾವಿ ಹನಿಗಟ್ಟಿ ಬಿಳಿ ಕಾಣುತ್ತದೆ, ಚಳಿಗಾಲದ ಮುಂಜಾನೆ ವಿ.ಸಿ. ನಾಲೆಯ ಮೇಲೆ ಕವಿಯುತ್ತದಲ್ಲ, ಅದೇ ಮಂಜು. ಆದರೆ ಇದನ್ನು ಹೊತ್ತು ತರುವ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸಾಲದ್ದಕ್ಕೆ ತಣ್ಣಗೂ ಇರುತ್ತದೆ. ಅದಕ್ಕೇ ನೆಲ ಹಿಡಿದು ಹೋಗುತ್ತದೆ. ಕೊಪ್ಪರಿಗೆಯ ಆವಿ ಬಿಸಿ, ಹಗುರ. ಅವ್ವ “ಊಂ” ಅಂದಳು. ಒಪ್ಪಿದಳೋ ಬಿಟ್ಟಳೋ!

ಸೋಪಿನ ನೀರಿಗೆ ಅದ್ದಿದ ಬಟ್ಟೆಯ ಪಟ್ಟಿಯನ್ನು ಪಾತ್ರೆಯ ಬಾಯಿಗುಂಟ ಎಳೆದರೆ ಮಂಜು ತುಂಬಿದ ದೊಡ್ಡ ಗುಳ್ಳೆ ಉಬ್ಬುತ್ತದೆ. ಮಗಳು ಬೆರಳಿಟ್ಟು ಒಡೆದಳು, ಮತ್ತೆ ಮಾಡು ಅಂದಳು, ಮತ್ತೆ ಒಡೆದಳು. ನೀರು ತಣ್ಣಗಾಗಿ ಮಂಜು ಸೊರಗಿದಾಗಲೆಲ್ಲ ಬಿಸಿನೀರು ಬದಲಿಸುವುದೇ ನನ್ನ ಕೆಲಸ.

ಎಡವಟ್ಟು ಮಾಡಿದ್ದು ಆಮೇಲೆ. ಉಳಿದ ತುಂಡು ಸಂಜೆಗಿರಲಿ ಅಂತ ಸ್ಟೀಲ್ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿಬಿಟ್ಟೆ. ಅಷ್ಟೆಲ್ಲ ಪಾಠ ಹೇಳಿದವನು ನಾನೇ! ಅನಿಲಕ್ಕೆ ಹೋಗಲು ದಾರಿ ಎಲ್ಲಿ? ಕೆಲವೇ ನಿಮಿಷಕ್ಕೆ ಢಬ್ ಅಂತ ಮುಚ್ಚಳ ಸೂರಿಗೆ ಬಡಿದು ಕೆಳಗೆ ಬಿತ್ತು. ಗಾಜಿನ ಬಾಟಲಿಯಾಗಿದ್ದರೆ ಚೂರು ಮೈಗೆ ನಾಟುತ್ತಿತ್ತು. ಮಗಳನ್ನು ಎಳೆದುಕೊಂಡು ನಿಂತೆ, ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

ಫೋನು ಕಟ್ ಆಗಿರಲಿಲ್ಲ.

“ಮಗೀಗೆ ಏನೂ ಆಗ್ನಿಲ್ವಲ್ಲ?” ಇಲ್ಲ ಅಂದೆ. “ಅದು ನಾನು ಚಕ್ಲಿ ತುಂಬಿ ಕಳ್ಸಿದ್ ಡಬ್ಬ ಅಲ್ವೇನ್ಲಾ?”