ಬ್ಯಾಟರಿ ಬದಲಿಸುವ ಮೊದಲು ಫೋನ್ ಎಲ್ಲಿ ಬಿಸಿಯಾಗಿದೆ ನೋಡಿ

ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರಿಗೆ ಏಪ್ರಿಲ್, ಮೇ ಅಂದ್ರೆ ಬಿಡುವಿಲ್ಲದ ಸೀಸನ್. ಹೊರಗೆ ಬಿಸಿಲು 38 ಡಿಗ್ರಿ ಹತ್ತಿರ ಬಂತು ಅಂದ್ರೆ ಕೌಂಟರ್ ಮುಂದೆ ಕೇಳೋದು ಒಂದೇ ಮಾತು: "ಅಣ್ಣಾ, ಫೋನ್ ಕೈಯಾಗ ಹಿಡಿಯಾಕ ಆಗಲ್ಲ, ಚಾರ್ಜೂ ಏರ್ತಿಲ್ಲ. ಬ್ಯಾಟರಿ ಹೋಗೈತಿ, ಹೊಸದು ಹಾಕ್ಬಿಡ್ರಿ."

ಹಾಕಿ ಕಳಿಸೋದು ಸುಲಭ. ಗಿರಾಕಿಯೇ ಬಾಯಿಬಿಟ್ಟು ಕೇಳ್ತಿದ್ದಾರಲ್ಲ. ಆದರೆ ಹೀಗೆ ಬರುವ ಫೋನುಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿ ಬೇಕಾಗಿಯೇ ಇರೋದಿಲ್ಲ. ಈ ಟೇಬಲ್ ಮುಂದೆ ಕೂತು ನಾನು ಕಲಿತದ್ದು ಇಷ್ಟು: ಬಿಸಿಯಾದ ಫೋನು ಚಾರ್ಜ್ ನಿಲ್ಲಿಸಿತು ಅಂದ್ರೆ, ಹೆಚ್ಚಿನ ಸಲ ಅದು ಕೆಟ್ಟಿರೋದಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೇ ಚಾರ್ಜ್ ಮಾಡಬೇಕು. ಶಾಖ ನೋಡಿಕೊಳ್ಳೋಕೆ ಒಳಗೆ ಥರ್ಮಿಸ್ಟರ್ ಅನ್ನೋ ಸಣ್ಣ ಬಿಡಿಭಾಗ ಇರುತ್ತದೆ. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಅದನ್ನು ನೋಡಿ ಫೋನು ಮೊದಲು ಚಾರ್ಜಿಂಗ್ ಕರೆಂಟ್ ಕಡಿಮೆ ಮಾಡುತ್ತದೆ, ಆಮೇಲೂ ಬಿಸಿ ಇಳಿಯದಿದ್ದರೆ ಪೂರ್ತಿ ನಿಲ್ಲಿಸುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ ತಾನೂ ಬಿಸಿಯಾಗುತ್ತೆ, ನೆನಪಿರಲಿ. ಹೊರಗೇ 38 ಇದ್ದರೆ 45 ಏನು ಮಹಾ ದೂರ?

ಹಾಗಾಗಿ ಸ್ಕ್ರೂ ಡ್ರೈವರ್ ಎತ್ತುವ ಮೊದಲು ನಾನು ಫೋನನ್ನು ಮುಟ್ಟಿ ನೋಡುತ್ತೇನೆ. ಕವರ್ ತೆಗೆದು, ಬೆರಳ ಹಿಂಭಾಗದಿಂದ. ಕೆಳಗೆ, ಚಾರ್ಜರ್ ಚುಚ್ಚುವ ಕಡೆ ಮಾತ್ರ ಬಿಸಿ ಇದ್ದರೆ ಮೊದಲ ಅನುಮಾನ ಪಿನ್ ಮೇಲೆ, ಇಲ್ಲಾ ಕೇಬಲ್ ಮೇಲೆ. ಬೆನ್ನಿನ ನಡುಭಾಗ ಬಿಸಿ ಇದ್ದರೆ ಬ್ಯಾಟರಿ. ಮೇಲೆ, ಕ್ಯಾಮೆರಾ ಹತ್ತಿರ ಸುಡ್ತಾ ಇದ್ದರೆ ಪ್ರೊಸೆಸರ್ ಜಾಸ್ತಿ ದುಡೀತಾ ಇದೆ ಅಂತ ಅರ್ಥ. ಎಲ್ಲಾ ಮಾಡೆಲ್‌ನಲ್ಲೂ ಹೀಗೇ ಅಂತ ಹೇಳೋಕಾಗಲ್ಲ, ಆದರೆ ಬಹುತೇಕ ಫೋನುಗಳ ಒಳಗಿನ ಜೋಡಣೆ ಇದೇ. ಸ್ವಿಚ್ ಆಫ್ ಮಾಡಿ, ಚಾರ್ಜರ್ ಕಿತ್ತಿಟ್ಟರೂ ಬಿಸಿ ಆಗ್ತಾನೇ ಇದೆಯಾ? ಆಗ ಬೋರ್ಡಿನಲ್ಲಿ ಶಾರ್ಟಿಂಗ್ ಹುಡುಕಬೇಕು. ಅದು ಬೇರೆಯದೇ ಕೆಲಸ, ಖರ್ಚೂ ಬೇರೆ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬರು ಬಂದಿದ್ದರು. ಬೇರೆ ಕಡೆ ಬ್ಯಾಟರಿ ಹಾಕಿಸಿದ್ದರು, ತೊಂದರೆ ಹಂಗೇ ಇತ್ತು. ಮುಟ್ಟಿ ನೋಡಿದೆ, ಕೆಳಭಾಗ ಮಾತ್ರ ಸುಡುತ್ತಿತ್ತು. ನನ್ನ ಕೇಬಲ್ ಹಾಕಿದರೆ ಟಕ್ ಅಂತ ಕೂರಲಿಲ್ಲ, ಅರ್ಧಕ್ಕೇ ನಿಂತಿತು. ಚಾರ್ಜಿಂಗ್ ಕರೆಂಟ್ ಅಳೆಯುವ ಯುಎಸ್‌ಬಿ ಮೀಟರಿನಲ್ಲಿ 0.3 ಆಂಪಿಯರ್ ತೋರಿಸಿ ಸೊನ್ನೆಗೆ ಬೀಳುತ್ತಿತ್ತು. ಲೈಟ್ ಬಿಟ್ಟು ನೋಡಿದರೆ ಜಾಕ್ ಒಳಗೆ ಕರಿ ಧೂಳು, ಜೇಬಿನ ನೂಲು ಎರಡೂ ಸೇರಿ ಗಟ್ಟಿಯಾಗಿ ಕೂತಿತ್ತು. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿದೆ. ಹತ್ತಿಯ ಬತ್ತಿಯಂಥದ್ದೇ ಒಂದು ತುಂಡು ಹೊರಗೆ ಬಂತು. ಬ್ರಷ್ಷಿಗೆ ಸ್ವಲ್ಪ ಐಪಿಎ (ಕ್ಲೀನ್ ಮಾಡೋ ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿ, ಒಣಗಿಸಿ, ಮತ್ತೆ ಹಾಕಿದಾಗ ಮೀಟರ್ 1.8ಕ್ಕೆ ಏರಿ ಅಲ್ಲೇ ನಿಂತಿತು. ಸಂಪರ್ಕ ಸಡಿಲ ಇದ್ದಲ್ಲಿ ಕರೆಂಟ್ ಹರಿದರೆ ಆ ಜಾಗವೇ ಕಾಯುತ್ತದೆ. ಆ ಬಿಸಿಗೂ ಬ್ಯಾಟರಿಗೂ ಸಂಬಂಧವೇ ಇರಲಿಲ್ಲ. ಮನೆಯಲ್ಲಿ ನೀವೇ ಕ್ಲೀನ್ ಮಾಡೋದಾದರೆ ಸೂಜಿ, ಸೇಫ್ಟಿ ಪಿನ್ ಬೇಡ. ಒಳಗಿನ ಪಿನ್‌ಗಳು ಬಾಗುತ್ತವೆ.

ಡೆಲಿವರಿ ಹುಡುಗರ ಕಥೆ ಇನ್ನೊಂದು ತರ. ಫೋನು ಬೈಕಿನ ಹ್ಯಾಂಡಲ್ ಮೇಲೆ, ನೆತ್ತಿ ಮೇಲೆ ಬಿಸಿಲು, ಬ್ರೈಟ್‌ನೆಸ್ ಪೂರ್ತಿ, ಮ್ಯಾಪ್ ಆನ್, ಡೇಟಾ ಆನ್, ಸಾಲದ್ದಕ್ಕೆ ಬೈಕಿನಿಂದಲೇ ಚಾರ್ಜಿಂಗ್. ನಿಲ್ಲದೆ ಇನ್ನೇನಾಗಬೇಕು? ಇವರಿಗೆ ನಾನು ರಿಪೇರಿ ಹೇಳೋದಿಲ್ಲ. ದಪ್ಪ ರಬ್ಬರ್ ಕವರ್ ತೆಗೀರಿ, ಆರ್ಡರ್‌ಗೆ ಕಾಯುವಾಗ ನೆರಳಲ್ಲಿ ನಿಲ್ಲಿಸಿ ಚಾರ್ಜ್ ಹಾಕ್ರಿ, ಓಡಿಸುವಾಗ ಬೇಡ ಅಂತೀನಿ. ಸಿಗ್ನಲ್ ಸರಿ ಇಲ್ಲದ ಜಾಗದಲ್ಲೂ ಫೋನ್ ಜಾಸ್ತಿ ಬಿಸಿಯಾಗುತ್ತೆ. ಟವರ್ ಹಿಡಿಯೋಕೆ ಅದು ಜಾಸ್ತಿ ಪವರ್ ಹಾಕಬೇಕಾಗುತ್ತೆ. ಹಳ್ಳಿ ಕಡೆಯಿಂದ ಬರುವವರು ಇದನ್ನು ಹೇಳಿದರೆ ನಂಬೋದೇ ಇಲ್ಲ!

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸೋದು ಡೂಪ್ಲಿಕೇಟ್ ಬ್ಯಾಟರಿ. ಕೆಲವದರಲ್ಲಿ ಥರ್ಮಿಸ್ಟರ್ ಇರೋದೇ ಇಲ್ಲ. ಆ ಜಾಗದಲ್ಲಿ ಬಿಸಿ ಏರಿದರೂ ರೆಸಿಸ್ಟೆನ್ಸ್ ಬದಲಾಗದ ಮಾಮೂಲಿ ರೆಸಿಸ್ಟರ್ ಕೂರಿಸಿರುತ್ತಾರೆ. ಬ್ಯಾಟರಿ ಎಷ್ಟೇ ಕಾದರೂ ಫೋನಿಗೆ ತಂಪಾಗಿದೆ ಅಂತಲೇ ಸುದ್ದಿ ಹೋಗುತ್ತದೆ. ಚಾರ್ಜು ನಿಲ್ಲುವುದಿಲ್ಲ, ಗಿರಾಕಿಗೂ ಖುಷಿ: "ಈಗ ಸರಿ ಆತು ನೋಡ್ರಿ!" ಪರೀಕ್ಷೆ ಕಷ್ಟ ಏನಲ್ಲ. ಟೆಂಪರೇಚರ್ ಪಿನ್ನಿಗೂ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಆಸುಪಾಸು ಬರುತ್ತದೆ. ಥರ್ಮಿಸ್ಟರ್ ಇರುವ ಕಡೆ ಬೆರಳಿಟ್ಟು ಬೆಚ್ಚಗೆ ಮಾಡಿದರೆ ಅಂಕಿ ನಿಧಾನಕ್ಕೆ ಇಳಿಯಬೇಕು. ಅಲ್ಲಾಡದೆ ಕೂತಿದ್ದರೆ ಆ ಬ್ಯಾಟರಿ ನನ್ನ ಅಂಗಡಿಗೆ ಬೇಡ. ನೂರಿನ್ನೂರು ರೂಪಾಯಿ ಉಳಿಸೋಕೆ ಹೋಗಿ ದಿಂಬಿನ ಕೆಳಗೆ ಇಂಥದ್ದನ್ನು ಇಟ್ಟುಕೊಂಡು ಮಲಗೋದು ಬೇಕಾ? 2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹೊತ್ತಿಕೊಂಡು ಕಂಪನಿ ಎಲ್ಲವನ್ನೂ ವಾಪಸ್ ತರಿಸಿಕೊಂಡಿದ್ದು ಬ್ಯಾಟರಿಯೊಳಗಿನ ದೋಷದಿಂದಲೇ.

ಬಿಸಿಯಾದ ಫೋನನ್ನು ಫ್ರಿಡ್ಜಿನಲ್ಲಿಡುವ ಬುದ್ಧಿವಂತರೂ ಇದ್ದಾರೆ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ, ಆಮೇಲೆ ಬೋರ್ಡಿನಲ್ಲಿ ಕರೆಂಟ್ ಲೀಕೇಜ್ ಹುಡುಕೋದು ನನ್ನ ಪಾಲಿಗೆ. ಕವರ್ ತೆಗೆದು ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಸುಮ್ನೆ ಇಟ್ಟರೆ ಸಾಕು.

ತಣ್ಣಗಾದ ಮೇಲೂ, ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿದರೂ ಏರದಿದ್ದರೆ ಆಗ ತನ್ನಿ, ಬಿಚ್ಚೋಣ. ಬೆನ್ನು ಉಬ್ಬಿದ್ದರೆ, ಡಿಸ್‌ಪ್ಲೇ ಮೇಲೆದ್ದಿದ್ದರೆ ಮಾತ್ರ ಕಾಯಬೇಡಿ. ಚಾರ್ಜ್ ಹಾಕಬೇಡಿ, ಒತ್ತಿ ಕೂರಿಸೋಕೂ ಹೋಗಬೇಡಿ. ಬ್ಯಾಟರಿ ಒಳಗೆ ಗ್ಯಾಸ್ ತುಂಬಿ ಊದಿರುತ್ತದೆ, ಚುಚ್ಚಿದರೆ ಹೊತ್ತಿಕೊಳ್ಳಬಹುದು. ತೆಗೆದ ಹಳೇ ಬ್ಯಾಟರಿಯನ್ನು ಕಸದ ಗಾಡಿಗೆ ಎಸೆಯಬೇಡಿ. ನಮ್ಮಲ್ಲೇ ಬಿಟ್ಟು ಹೋಗಿ, ಮರಳಿನ ಡಬ್ಬದಲ್ಲಿ ಬೇರೆ ಇಟ್ಟು ಇ-ವೇಸ್ಟ್ ತಗೊಳ್ಳುವವರಿಗೆ ಕೊಡುತ್ತೇವೆ.